ಕುಗ್ಗಿದ ಜೋಲಿ

ನನ್ನ ಹೆಂಡತಿ ಕೆರಾ ಈಸ್ಟರ್ ಹಬ್ಬದ ಮೂರನೆಯ ದಿನ ತೀರಿಕೊಂಡಳು. ಅದಕ್ಕೆ ಎರಡು ದಿನ ಮೊದಲು ನನ್ನನ್ನು ಹತ್ತಿರ ಕರೆದು, ಪೆಟ್ಟಿಗೆಯ ತಳದಲ್ಲಿರುವ ಉಣ್ಣೆಯ ಜೋಲಿಯನ್ನು ತನ್ನ ನಲವತ್ತನೆಯ ದಿನ ಹಸುಗೂಸಿರುವ ಹೆಂಗಸೊಬ್ಬಳಿಗೆ ಕೊಡಬೇಕೆಂದು ಹೇಳಿದಳು.

"ಕೊಟ್ಟರೆ ಸಾಲದು. ಅವಳು ಅದರಲ್ಲಿ ಮಗೂನ ಬೆನ್ನ ಮೇಲೆ ಹೊರಬೇಕು. ಹೊತ್ತರೆ ಮಾತ್ರ ಅದು ನನ್ನ ಕೈಗೆ ಬರುತ್ತೆ," ಎಂದಳು.

ಯಾಕೆಂದು ನಾನು ಕೇಳಲಿಲ್ಲ. ನಮ್ಮ ಮೊದಲ ಮಗ ಲಾಜಾರ್ ನಾಲ್ಕು ತಿಂಗಳಿನವನಾಗಿದ್ದಾಗ ಅವನಿಗೆ ಜ್ವರ ಬಂದಿತ್ತು. ಕೆರಾ ಅವನನ್ನು ಆ ಜೋಲಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಪಟ್ಟಣದ ವೈದ್ಯರ ಬಳಿಗೆ ಹೊರಟಳು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಊರಾಚೆಯ ಕಲ್ಲುಸೇತುವೆಯ ಮೇಲೆ ಅವಳು ನಿಂತಳು. "ಬೆನ್ನು ತಣ್ಣಗಾಯಿತು," ಎಂದಳು. ಲಾಜಾರ್ ಹೋಗಿಬಿಟ್ಟಿದ್ದ. ನಾವು ಅಲ್ಲಿಂದಲೇ ಹಿಂದಿರುಗಿದೆವು. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಅದೇ ಜೋಲಿಯಲ್ಲಿ ಬೆಳೆದರು, ಮದುವೆಯಾಗಿ ಬೇರೆ ಊರುಗಳಿಗೆ ಹೋದರು. ಆದರೂ ಕೆರಾಳ ಬಾಯಲ್ಲಿ ಅದು ಕೊನೆಯವರೆಗೂ ಲಾಜಾರನ ಜೋಲಿಯೇ. ಪರಲೋಕಕ್ಕೆ ಹೋದ ಮೇಲೆ ಅವನನ್ನು ಎತ್ತಿಕೊಳ್ಳಲು ಅದು ಬೇಕಾಗುತ್ತದೆಂದು ಅವಳ ನಂಬಿಕೆ.

ಸತ್ತವರಿಗೆ ಮುಟ್ಟುವುದು ಪ್ರಾರ್ಥನೆಯೊಂದೇ ಎಂದು ನಮ್ಮ ಪಾದ್ರಿ ಹರೀತನ್ ಹೇಳುತ್ತಾರೆ. ನಾನು ಮೂವತ್ತು ವರ್ಷ ಅವರ ಬಲಗಡೆ ನಿಂತು ಕೀರ್ತನೆ ಹಾಡಿದವನು. ಅವರ ಮಾತು ಸರಿಯೆಂದು ಬಲ್ಲೆ. ಆದರೆ ಕೆರಾಳಿಗೆ ಹೂಂ ಎಂದಿದ್ದೆ.

ಪೆಟ್ಟಿಗೆಯಿಂದ ತೆಗೆದಾಗ ಜೋಲಿಯಲ್ಲಿ ಹಳೆಯ ಧೂಳಿತ್ತು, ಒಂದು ಮೂಲೆಯಲ್ಲಿ ಕಲೆ ಇತ್ತು. ಕೊಳೆಯಾದದ್ದನ್ನು ದಾನ ಕೊಡಬಾರದು. ಕೆರಾ ನನ್ನ ಅಂಗಿಗಳನ್ನು ಒಗೆಯುತ್ತಿದ್ದುದನ್ನು ನಲವತ್ತೆರಡು ವರ್ಷ ನೋಡಿದ್ದೆ. ಕೊಪ್ಪರಿಗೆಯಲ್ಲಿ ನೀರು ಕಾಯಿಸಿ, ಬೂದಿ ಹಾಕಿ, ತಿಳಿಯಾದ ಮೇಲೆ ಬಟ್ಟೆ ಮುಳುಗಿಸಿ, ದೊಣ್ಣೆಯಿಂದ ತಿರುವುತ್ತಿದ್ದಳು. ನಾನೂ ಹಾಗೆಯೇ ಮಾಡಿದೆ. ಕಲೆ ಹೋಯಿತು. ಒಣಗಿದ ಮೇಲೆ ಜೋಲಿ ಮೊದಲಿಗಿಂತ ಚಿಕ್ಕದಾದಂತೆ ಕಂಡಿತು. ನನ್ನ ಕಣ್ಣು ಮೊದಲಿನಂತಿಲ್ಲ ಎಂದುಕೊಂಡು ಮಡಿಸಿಟ್ಟೆ.

ನಲವತ್ತನೆಯ ದಿನ ಸಮಾಧಿಯ ಹತ್ತಿರ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಹಂಚಿದೆವು. ಹೆಣ್ಣುಮಕ್ಕಳು ಬಂದಿದ್ದರು, ಸಂಜೆಗೆ ಹೊರಟುಹೋದರು. ಆ ವಸಂತದಲ್ಲಿ ಊರಿನಲ್ಲಿ ಹಸುಗೂಸಿದ್ದದ್ದು ಒಂದೇ ಮನೆಯಲ್ಲಿ, ನಮ್ಮ ನೆರೆಯ ತ್ಸೋನಾಳ ಮನೆಯಲ್ಲಿ. ಅವಳ ಸೊಸೆ ರೂಸಾ ಈಸ್ಟರಿಗೆ ಹತ್ತು ದಿನ ಮೊದಲು ಹೆತ್ತಿದ್ದಳು. ಹಾಲುಣಿಸುವವರು ಸಮಾಧಿಗಳ ಬಳಿ ಬರುವುದಿಲ್ಲವಾದ್ದರಿಂದ ತ್ಸೋನಾಳೇ ಬಂದು, ಎರಡೂ ಕೈ ಚಾಚಿ ಜೋಲಿಯನ್ನು ತೆಗೆದುಕೊಂಡು, "ದೇವರು ಅವಳನ್ನು ಕ್ಷಮಿಸಲಿ," ಎಂದಳು. ಅಷ್ಟಾದರೆ ಕೊಟ್ಟಂತೆ. ಕೊಟ್ಟ ಮೇಲೆ ಅದರ ವಿಚಾರ ಎತ್ತಬಾರದು, ಎತ್ತಿದರೆ ಹಿಂದಕ್ಕೆ ಕೇಳಿದ ಹಾಗೆ.

ಮೂರು ದಿನ ಕಳೆದ ಮೇಲೆ ನಾನು ನಮ್ಮ ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದೆ. ಎರಡು ಮನೆಗಳ ನಡುವೆ ಇರುವುದು ಹೆಣೆದ ಕಡ್ಡಿಯ ಬೇಲಿ, ಎದೆಮಟ್ಟ. ಆಚೆ ಹಿಪ್ಪುನೇರಳೆ ಮರದ ಕೆಳಗೆ ಅತ್ತೆ ಸೊಸೆ ಮೂರು ಜೋಲಿಗಳನ್ನು ಹರವಿಕೊಂಡು ನಿಂತಿದ್ದರು. ಮೆಕ್ಕೆಜೋಳದ ಹೊಲಕ್ಕೆ ಗುದ್ದಲಿ ಹಾಕುವ ಕಾಲ ಬಂದಿತ್ತು. ರೂಸಾಳ ಬಾಣಂತನದ ನಲವತ್ತು ದಿನ ಮುಗಿದಿತ್ತು, ಇನ್ನು ಅವಳು ಹೊರಗೆ ಹೋಗಬಹುದು. ಮಗುವನ್ನು ಜೊತೆಗೇ ಒಯ್ಯಬೇಕು.

"ಮೊದಲೇ ಮಗೂನ ಹಾಕಬೇಡ," ಎಂದಳು ತ್ಸೋನಾ. "ಕಾಳಿನ ಚೀಲ ಹಾಕಿ ನೋಡು. ಬಿದ್ದರೆ ಆರಿಸ್ಕೋಬಹುದು."

ಮೊದಲನೆಯದು ತ್ಸೋನಾಳ ಸ್ವಂತ ಜೋಲಿ, ಮೇಕೆಕೂದಲು ಸೇರಿಸಿ ನೇಯ್ದದ್ದು. ರೂಸಾ ಚೀಲವನ್ನು ಅದರಲ್ಲಿಟ್ಟು, ಹಗ್ಗವನ್ನು ಹೆಗಲ ಮೇಲಿಂದ ಎದೆಗೆ ತಂದು ಕಟ್ಟಿಕೊಂಡು ಬಾವಿಯವರೆಗೆ ನಡೆದು ಬಂದಳು.

"ಅತ್ತೆ, ಇದು ಮುಳ್ಳಿನ ಹಾಗೆ ಚುಚ್ಚುತ್ತೆ."

"ನಿನ್ನ ಗಂಡ ಇದರಲ್ಲೇ ಬೆಳೆದದ್ದು."

"ಅದಕ್ಕೇ ಇರಬೇಕು, ಅವರಿಗೆ ಒಂದು ಕಡೆ ಕೂರೋಕೆ ಆಗಲ್ಲ. ನೋಡಿ, ಹಂಗೇರಿ ತನಕ ಓಡಿಹೋದರು."

ಅವಳ ಗಂಡ ಮಿಂಕೋ ತರಕಾರಿ ಬೆಳೆಯುವವರ ಗುಂಪಿನೊಡನೆ ಪ್ರತಿ ವಸಂತದಲ್ಲೂ ಹಂಗೇರಿಗೆ ಹೋಗಿ ಚಳಿ ಶುರುವಾಗುವಾಗ ಬರುತ್ತಿದ್ದ. ಮಗಳ ಮುಖವನ್ನು ಅವನು ಇನ್ನೂ ನೋಡಿರಲಿಲ್ಲ.

"ಬಾಯಿ ನೋಡು ಇವಳದು," ಎಂದಳು ತ್ಸೋನಾ. ಆದರೆ ನಕ್ಕಳು.

ಎರಡನೆಯದನ್ನು ಪಟ್ಟಣದಲ್ಲಿದ್ದ ರೂಸಾಳ ನಾದಿನಿ ಹೊಲಿದು ಕಳಿಸಿದ್ದಳು. ಡೇರೆಯ ಬಟ್ಟೆ, ಎರಡು ಚರ್ಮದ ಪಟ್ಟಿ, ಕಬ್ಬಿಣದ ಬಕಲ್ಲು. ರೂಸಾ ಅದನ್ನು ಹಾಕಿಕೊಂಡು ಎರಡೂ ಕೈ ಮೇಲೆತ್ತಿ ತೋರಿಸಿದಳು.

"ನೋಡಿ, ಕೈ ಎರಡೂ ಖಾಲಿ. ಭಾರವೇ ಇಲ್ಲ."

"ಇದೇನು, ಕೂಸನ್ನ ಹೊರೋಕಾ, ದಂಡಿಗೆ ಹೋಗೋಕಾ? ಅದರ ಕುತ್ತಿಗೆ ಇನ್ನೂ ನಿಂತಿಲ್ಲ ಕಣೇ. ನಿಲ್ಲಿಸಿ ಕಟ್ಟಿದರೆ ತಲೆ ಎಲ್ಲಿ ಹೋಗುತ್ತೆ?"

"ತಲೆಗೆ ಆನಿಸೋಕೆ ಬಟ್ಟೆ ಹೊಲಿದಿದ್ದಾರಲ್ಲ ಅತ್ತೆ."

ನಾನು ಕಾವನ್ನು ಕೆತ್ತುವುದು ಬಿಟ್ಟಿದ್ದೆ. ಮೂರನೆಯದು ಕೆರಾಳದು. ಕೆಂಪು ನೆಲ, ಕಪ್ಪು ಪಟ್ಟೆ. ರೂಸಾ ಎತ್ತರದ ಹುಡುಗಿ, ಅಗಲ ಹೆಗಲಿನವಳು. ಹಗ್ಗವನ್ನು ಎಳೆದಳು, ಬಗ್ಗಿದಳು, ಮತ್ತೆ ಎಳೆದಳು. ಎರಡು ತುದಿಗಳ ನಡುವೆ ಗೇಣು ಅಂತರ ಉಳಿಯಿತು.

"ಅತ್ತೆ, ಇದು ಬಟ್ಟೆನೋ ಹಲಗೆನೋ?"

ತ್ಸೋನಾ ಅದನ್ನು ಕಿತ್ತುಕೊಂಡು, ಹಿಚುಕಿ, ಮೂಗಿಗೆ ಹಿಡಿದಳು. "ಅಯ್ಯೋ, ಬೂದಿನೀರು! ಉಣ್ಣೇನ ಬೂದಿನೀರಲ್ಲಿ ಕುದಿಸಿದ್ದಾರೆ. ಕೆರಕ್ಕ ಬದುಕಿದ್ದಿದ್ರೆ ಇದನ್ನ ನೋಡಿಯೇ ಸಾಯ್ತಿದ್ದಳು." ಆಮೇಲೆ ಬೇಲಿಯ ಕಡೆ ತಿರುಗಿದಳು. "ಡೋಚಣ್ಣ, ಕಾಣಿಸ್ತಾ ಇದೀರಿ, ಬಗ್ಗಬೇಡಿ. ಎಷ್ಟು ಹೊತ್ತು ಕುದಿಸಿದಿರಿ?"

"ಕಲೆ ಹೋಗೋ ತನಕ," ಎಂದೆ.

"ಕಾಳು ಬೇಯಿಸಿದ ಹಾಗೆ! ಉಣ್ಣೆಗೆ ತಣ್ಣೀರು, ಅಣ್ಣ. ಬರೀ ತಣ್ಣೀರು."

"ಕೊಳೆ ಇತ್ತು ತ್ಸೋನಾ."

"ಈಗ ಕೊಳೇನೂ ಇಲ್ಲ, ಜೋಲೀನೂ ಇಲ್ಲ."

"ಬಿಡಿ ಅತ್ತೆ," ಎಂದಳು ರೂಸಾ. "ಅಜ್ಜ, ನೀವು ಬೇಜಾರು ಮಾಡ್ಕೋಬೇಡಿ. ಬಟ್ಟೆ ಚೆನ್ನಾಗೇ ಇದೆ. ನನ್ನ ಹೆಗಲೇ ಎತ್ತಿನದು."

ಕೆರಾಳ ಕೋರಿಕೆಯನ್ನು ಆಗ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳು ನನ್ನ ಮೇಲಿನ ಕನಿಕರಕ್ಕೆ ಅದನ್ನು ಕಟ್ಟಿಕೊಳ್ಳುತ್ತಿದ್ದಳು, ಹಗ್ಗ ಅವಳ ಹೆಗಲನ್ನು ಕೊಯ್ಯುತ್ತಿತ್ತು, ಮಗು ನೆಟ್ಟಗೆ ಮಲಗುತ್ತಿರಲಿಲ್ಲ. ಕೆರಾ ಅಂಥದನ್ನು ಬಯಸಿರಲಿಕ್ಕಿಲ್ಲ. ರೂಸಾ ಡೇರೆಬಟ್ಟೆಯದನ್ನು ಆರಿಸಿಕೊಂಡಳು. ನಾನು ಗುದ್ದಲಿ ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ ಹರೀತನರಿಗೆ ಎಲ್ಲವನ್ನೂ ಹೇಳಿದೆ. ಅವರು ಮೇಣದಬತ್ತಿಗಳ ತುಂಡುಗಳನ್ನು ಡಬ್ಬಿಗೆ ಹಾಕುತ್ತಿದ್ದರು.

"ಡೋಚೋ, ಪರಲೋಕದಲ್ಲಿ ಬಟ್ಟೆಗೆ ಬರ ಇದೆ ಅಂದ್ಕೊಂಡಿದೀಯಾ?"

"ಇಲ್ಲ ಪಾದ್ರಿಗಳೇ."

"ಮತ್ತೇನು?"

"ಹೊರೋ ಹಾಗೆ ಕೊಡು ಅಂದಿದ್ದಳು. ನಾನು ಹಾಳುಮಾಡಿ ಕೊಟ್ಟೆ."

ಅವರು ಡಬ್ಬಿ ಮುಚ್ಚಿ, ಶನಿವಾರಗಳಂದು ಸತ್ತವರ ಪ್ರಾರ್ಥನೆಯಲ್ಲಿ ಅವಳ ಹೆಸರಿನ ಜೊತೆ ಲಾಜಾರನ ಹೆಸರನ್ನೂ ಓದುವುದಾಗಿ ಹೇಳಿದರು. ನನಗೆ ಅದರಿಂದ ಸಮಾಧಾನವಾಗಬೇಕಿತ್ತು. ಸ್ವಲ್ಪ ಆಯಿತು.

ಮಂಗಳವಾರ ಹೊಲಕ್ಕೆ ಹೋದೆವು. ನಮ್ಮ ಹೊಲವೂ ತ್ಸೋನಾಳ ಹೊಲವೂ ಹೊಳೆಯ ಆಚೆ ಒಂದರ ಪಕ್ಕ ಒಂದಿವೆ. ನಡುವೆ ಒಂದು ಕಾಡು ಪೇರು ಮರ. ರೂಸಾ ಮಗುವನ್ನು ಡೇರೆಬಟ್ಟೆಯಲ್ಲಿ ಹೊತ್ತು ತಂದಳು. ಅವಳ ಕೈಯ ಬುತ್ತಿಗಂಟಿನ ಮೇಲೆ ಕೆರಾಳ ಜೋಲಿ ಮಡಿಸಿಟ್ಟಿತ್ತು. ನಾನು ಬೇರೆ ಕಡೆ ನೋಡಿದೆ.

ಬಂದವಳೇ ಜೋಲಿಯನ್ನು ಪೇರು ಮರದ ಕೆಳಗಿನ ಕೊಂಬೆಗೆ ತೊಟ್ಟಿಲಿನಂತೆ ತೂಗುಹಾಕಿದಳು. ಬೇರೆ ಜೋಲಿಗಳಾದರೆ ಹಗ್ಗವನ್ನು ನಾಲ್ಕು ಸುತ್ತು ಸುತ್ತಬೇಕು, ಇಲ್ಲದಿದ್ದರೆ ಹುಲ್ಲಿಗೆ ತಾಗುತ್ತವೆ. ಇದು ಗಿಡ್ಡವಾಗಿದ್ದರಿಂದ ಒಂದೇ ಸುತ್ತಿಗೆ ಸರಿಯಾಗಿ ನಿಂತಿತು. ಬಟ್ಟೆ ಗಟ್ಟಿಯಾಗಿದ್ದರಿಂದ ಮಗುವಿನ ಬೆನ್ನು ಬಾಗಲಿಲ್ಲ.

"ನೋಡಿದಿರಾ ಡೋಚಣ್ಣ," ಎಂದು ತ್ಸೋನಾ ಕೂಗಿದಳು, "ನೀವು ಬೇಯಿಸಿದ್ದು ಪೇರು ಮರಕ್ಕೆ ಹದವಾಗಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ತೂಗುಹಾಕುವುದು ಹೊರುವುದಲ್ಲ ಎಂಬುದು ಮನಸ್ಸಿನಲ್ಲೇ ಇತ್ತು. ಸಾಲು ಹಿಡಿದು ಗುದ್ದಲಿ ಹಾಕಿದೆ. ಮಧ್ಯಾಹ್ನ ಬ್ರೆಡ್ಡು, ಈರುಳ್ಳಿ, ಉಪ್ಪು ಚೀಸು ತಿಂದೆವು. ರೂಸಾ ಮಗುವಿಗೆ ಹಾಲು ಕೊಟ್ಟು ಮತ್ತೆ ಮಲಗಿಸಿದಳು. ಅವಳ ಹೆಗಲ ಮೇಲೆ ಬಕಲ್ಲು ಒತ್ತಿದ ಎರಡು ಕೆಂಪು ಗುರುತುಗಳಿದ್ದವು.

ಮೂರು ಗಂಟೆಯ ಹೊತ್ತಿಗೆ ಬೆಟ್ಟದ ಕಡೆಯಿಂದ ಮೋಡ ಇಳಿಯಿತು. ಮೊದಲು ಗಾಳಿ, ಹಿಂದೆಯೇ ಗುಡುಗು. ಸಿಡಿಲಿಗೆ ಮರದ ಕೆಳಗೆ ನಿಲ್ಲುವಂತಿಲ್ಲ, ಹೊಲದಲ್ಲಿ ಬೇರೆ ಮರೆಯಿಲ್ಲ. ಎಲ್ಲರೂ ಊರಿನ ಕಡೆ ಹೊರಟರು. ರೂಸಾ ಡೇರೆಬಟ್ಟೆಯನ್ನು ಕೈಗೆತ್ತಿಕೊಂಡಳು, ಮಲಗಿದ್ದ ಮಗುವನ್ನು ನೋಡಿದಳು, ಮತ್ತೆ ಆ ಬಕಲ್ಲುಗಳನ್ನು ನೋಡಿದಳು.

"ಬೇಗ ಆಗಲಿ ಕಣೇ!" ಎಂದಳು ತ್ಸೋನಾ.

"ಇದಕ್ಕೆ ಹಾಕೋದಾದರೆ ಎಬ್ಬಿಸಬೇಕು. ನೆನೆದೂ ಹೋಗ್ತಾಳೆ." ಅವಳು ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿದಳು. ಮೂರು ಮೊಳದ ನೇಯ್ದ ಪಟ್ಟಿ ಅದು. ಒಂದು ತುದಿಯನ್ನು ಜೋಲಿಯ ಹಗ್ಗಕ್ಕೆ ಗಂಟು ಹಾಕಿ, ಕೊಂಬೆಯಿಂದ ಜೋಲಿಯನ್ನು ಮಗುವಿನ ಸಮೇತ ಇಳಿಸಿ ಬೆನ್ನಿಗೆ ತಂದಳು. "ಅತ್ತೆ, ಆ ಕಡೆ ಗಂಟು ಹಾಕಿ. ಬಿಗಿಯಾಗಿ."

"ಲಂಗ ಜಾರಿದರೆ?"

"ಜಾರಲಿ. ಮಗು ಜಾರದಿದ್ದರೆ ಸಾಕು."

ನಾನು ಎರಡು ಮನೆಗಳ ಗುದ್ದಲಿಗಳನ್ನೂ ಹೊತ್ತು ಅವರ ಹಿಂದೆ ನಡೆದೆ. ಮಳೆ ಜೋರಾಗಿ ಬಂತು. ರೂಸಾ ಒಂದು ಕೈಯಲ್ಲಿ ಲಂಗ ಹಿಡಿದುಕೊಂಡು ದೊಡ್ಡ ಹೆಜ್ಜೆ ಹಾಕುತ್ತಿದ್ದಳು. ಕುಗ್ಗಿ ದಪ್ಪವಾಗಿದ್ದ ಉಣ್ಣೆಯ ಮೇಲಿಂದ ನೀರು ಕುರಿಗಾಹಿಯ ಕಂಬಳಿಯ ಮೇಲಿಂದ ಇಳಿಯುವಂತೆ ಇಳಿದುಹೋಗುತ್ತಿತ್ತು. ಜೋಲಿಯಿಂದ ಸದ್ದಿರಲಿಲ್ಲ. ದಾರಿ ಇಳಿಜಾರಾಗಿ ಹೊಳೆಯ ಕಡೆ ತಿರುಗಿತು. ಅದೇ ಕಲ್ಲುಸೇತುವೆ ಕಾಣಿಸಿತು.

ಅಲ್ಲಿಂದ ಮುಂದೆ ನಾನು ಬೇರೇನನ್ನೂ ನೋಡಲಿಲ್ಲ. ಸೊಂಟಪಟ್ಟಿಯ ಗಂಟು, ಕಪ್ಪು ಪಟ್ಟೆಗಳು, ಅವುಗಳ ಕೆಳಗಿನ ಚಿಕ್ಕ ಉಬ್ಬು ಇಷ್ಟೇ. ಉಬ್ಬು ಅಲುಗುತ್ತಿತ್ತು, ಆದರೆ ಅದು ರೂಸಾಳ ನಡಿಗೆಗೂ ಇರಬಹುದು. ಅವಳು ಸೇತುವೆಯ ಮೊದಲ ಕಲ್ಲಿನ ಮೇಲೆ ಕಾಲಿಟ್ಟಳು. ದೇವಮಾತೆಯ ಹೆಸರು ಹೇಳಿದೆ. ಬೇರೆ ಪ್ರಾರ್ಥನೆ ಯಾವುದೂ ಬಾಯಿಗೆ ಬರಲಿಲ್ಲ.

ಸೇತುವೆಯ ನಡುವೆ ಮಗು ಎಚ್ಚರಗೊಂಡು ಅಳತೊಡಗಿತು. ಸಣ್ಣ ಅಳುವಲ್ಲ. ಹೊಳೆಯ ಸದ್ದನ್ನೂ ಮಳೆಯ ಸದ್ದನ್ನೂ ಮೀರಿ ಕೇಳಿಸಿತು.

"ಹಾಳು ಹುಡುಗಿ," ಎಂದಳು ತ್ಸೋನಾ. "ಇಷ್ಟು ದೂರ ಮಲಗಿದವಳು ಮನೆ ತನಕ ಮಲಗಬಾರದಿತ್ತಾ?"

"ಅವಳ ಅಪ್ಪನ ಹಾಗೆ," ಎಂದಳು ರೂಸಾ, ನಿಲ್ಲದೆ.

ಸೇತುವೆ ದಾಟಿದರು. ಮಗು ಮನೆಯ ಬಾಗಿಲವರೆಗೂ ಅಳುತ್ತಲೇ ಇತ್ತು. ನಾನು ತ್ಸೋನಾಳ ಗುದ್ದಲಿಗಳನ್ನು ಅವಳ ಜಗಲಿಯಲ್ಲಿಟ್ಟು, ಅಲ್ಲೇ ಸ್ವಲ್ಪ ಹೊತ್ತು ನಿಂತೆ.

"ಒಳಗೆ ಹೋಗಿ ಬಟ್ಟೆ ಬದಲಾಯಿಸ್ಕೊಳ್ಳಿ ಅಜ್ಜ," ಎಂದಳು ರೂಸಾ. ಮಗುವನ್ನು ಬಿಚ್ಚುತ್ತಿದ್ದಳು. "ನೋಡಿ, ಒಂದು ಹನಿಯೂ ಒಳಗೆ ಹೋಗಿಲ್ಲ. ನೀವು ಕುದಿಸಿದ್ದೇ ಒಳ್ಳೇದಾಯಿತು."

ಮಾರನೆಯ ದಿನ ಬಿಸಿಲಿತ್ತು. ಅವಳು ಮತ್ತೆ ಡೇರೆಬಟ್ಟೆಯಲ್ಲೇ ಮಗುವನ್ನು ಹೊಲಕ್ಕೆ ಒಯ್ದಳು, ಅದರಲ್ಲೇ ತಂದಳು. ಆ ಬೇಸಿಗೆಯಲ್ಲಿ ಕೆರಾಳ ಜೋಲಿಯನ್ನು ಇನ್ನೊಮ್ಮೆ ಹೊತ್ತಳೋ ಇಲ್ಲವೋ ನಾನು ಕಾಣೆ. ಕೇಳುವಂತಿಲ್ಲ, ಕೇಳಲಿಲ್ಲ.

ಶನಿವಾರ ಸಮಾಧಿಗೆ ಹೋದೆ. ಬತ್ತಿ ಹಚ್ಚಿ, ಶಿಲುಬೆಯ ಬುಡದಲ್ಲಿ ಬೆಳೆದಿದ್ದ ಹುಲ್ಲು ಕಿತ್ತೆ. ಕೆರಾ ಬದುಕಿದ್ದಾಗಲೂ ನಾನು ಹೊರಗೆ ನೋಡಿದ್ದನ್ನು ಕೂಡಿಸದೆ ಕಳೆಯದೆ ಅವಳಿಗೆ ಹೇಳುತ್ತಿದ್ದೆ. ಈಗಲೂ ಹಾಗೆಯೇ ಹೇಳಿದೆ. ಜೋಲಿಯನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿದ್ದು ನಾನೇ ಎಂದೆ. ರೂಸಾ ಅದನ್ನು ಹೊತ್ತದ್ದು ಒಂದು ಸಲ, ಪೇರು ಮರದಿಂದ ಮನೆಯವರೆಗೆ ಎಂದೆ.

"ಸೇತುವೆಯ ಮೇಲೆ ಮಗು ಅತ್ತಿತು ಕೆರಾ," ಎಂದೆ. "ನಾನು ಕೇಳಿಸಿಕೊಂಡೆ."