ಮದ್ರಾಸಿನ ಐದು ಕೂಪನ್ನು

ದಮಯಂತಿಗೆ ಹೊಲಿಗೆ ಯಂತ್ರ ಇರಲಿಲ್ಲ. ಮೊಗ್ರಾಲಿನಲ್ಲಿ ಹತ್ತು ವರ್ಷದಿಂದ ಅವಳು ಕೈಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಒಂದಕ್ಕೆ ಎರಡು ದಿನ ಬೇಕು. 1951ರಲ್ಲಿ ಉಗ್ಗಪ್ಪ ಎಂಬವನು ರಸ್ತೆಬದಿಯಲ್ಲಿ ಯಂತ್ರ ತಂದಿಟ್ಟು ದಿನಕ್ಕೆ ನಾಲ್ಕು ಹೊಲಿಯತೊಡಗಿದ. ತನಗೂ ಒಂದು ಯಂತ್ರ ಸಿಗದಿದ್ದರೆ ವರ್ಷ ತುಂಬುವುದರೊಳಗೆ ಕೆಲಸ ಕೈತಪ್ಪುತ್ತದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮದ್ರಾಸಿನ ಒಂದು ಕಂಪೆನಿಯ ಜಾಹೀರಾತನ್ನು ಗಂಡ ಲೋಕಯ್ಯ ಓದಿ ಹೇಳಿದ. ಹತ್ತು ರೂಪಾಯಿ ಕಳಿಸಿದರೆ ಐದು ಕೂಪನ್ನಿನ ಪುಸ್ತಕ ಬರುತ್ತದೆ. ಒಂದೊಂದನ್ನು ಎರಡು ರೂಪಾಯಿಗೆ ಮಾರಿದರೆ ಹಾಕಿದ ಹಣ ಕೈಗೆ ಬಂತು. ಕೊಂಡ ಐವರೂ ಮೂರು ತಿಂಗಳೊಳಗೆ ಹತ್ತು ಹತ್ತು ಕಳಿಸಿ ತಮ್ಮ ಪುಸ್ತಕ ತರಿಸಿಕೊಂಡರೆ ದಮಯಂತಿಗೆ ಹೊಲಿಗೆ ಯಂತ್ರ. ಆ ಐವರಿಗೂ ಹಾಗೆಯೇ, ಅವರಿಂದ ಕೊಂಡವರಿಗೂ ಹಾಗೆಯೇ. ಊರಿನ ಹೆಂಗಸರೆಲ್ಲ ಯಂತ್ರ ಇಟ್ಟುಕೊಂಡು ಕೂತರೆ ಹೊಲಿಸುವುದಕ್ಕೆ ಬರುವವರು ಯಾರು ಎಂದು ಲೋಕಯ್ಯ ಕೇಳಿದ. ಅವಳು ಕೂಡಿಟ್ಟ ಹತ್ತು ರೂಪಾಯಿಯನ್ನು ಮನಿಯಾರ್ಡರು ಮಾಡಿಸಿದಳು.

ಪುಸ್ತಕ ಬಂದ ಎರಡೇ ದಿನದಲ್ಲಿ ಐದೂ ಖರ್ಚಾದವು. ಅವಳು ಹೋದದ್ದು ತಾನು ಯಾವಾಗಲೂ ರವಿಕೆ ಹೊಲಿದುಕೊಡುತ್ತಿದ್ದ ಐದು ಮನೆಗಳಿಗೆ. ಎಲ್ಲರೂ ಬೆಲ್ಲ ನೀರು ಕೊಟ್ಟರು, ಅವಳು ವಿವರಿಸಿದ್ದಕ್ಕೆಲ್ಲ ಹೂಂಗುಟ್ಟಿದರು, ಒಳಗೆ ಹೋಗಿ ಎರಡು ರೂಪಾಯಿ ತಂದು ಕೈಗಿಟ್ಟರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅದು ಅವಳಿಗೆ ಆಗ ವಿಚಿತ್ರವೆನಿಸಲಿಲ್ಲ.

ಎರಡು ತಿಂಗಳಾದರೂ ಒಬ್ಬರೂ ಮದ್ರಾಸಿಗೆ ಹಣ ಕಳಿಸಿದ ಸುದ್ದಿ ಇಲ್ಲ. ದಮಯಂತಿ ಮೊದಲು ಲೋಕಯ್ಯನ ಅಕ್ಕ ತುಂಗಾಳ ಮನೆಗೆ ಹೋಗಿ ವಿಚಾರಿಸಿದಳು. ಕೂಪನ್ನು ದೇವರ ಪಟದ ಹಿಂದೆ ಭದ್ರವಾಗಿತ್ತು.

"ನೀನು ಬಾಯಿಬಿಟ್ಟು ಕೇಳಿದಿ, ಕೊಟ್ಟೆ," ಎಂದಳು ತುಂಗಾ. "ಮದ್ರಾಸಿನವನಿಗೆ ಯಾಕೆ ಕೊಡ್ಬೇಕು? ಅವ ನಮಗೆ ಎಂತ ಆಗ್ಬೇಕು? ಬೇಸಗೆಯಲ್ಲಿ ನಮ್ಮ ಸುಂದರಿಯ ಮದುವೆ ಉಂಟಲ್ಲ, ಆಗ ನೀನು ಮುಯ್ಯಿ ಮಾಡಿದ್ರೆ ಆಯ್ತು."

"ಇದು ಮುಯ್ಯಿ ಅಲ್ಲ ಅತ್ತಿಗೆ, ವ್ಯಾಪಾರ."

"ವ್ಯಾಪಾರ ಆದ್ರೆ ಸಾಮಾನು ಎಲ್ಲುಂಟು ಮಾರಾಯ್ತಿ?"

ದಮಯಂತಿಯ ಬಳಿ ತೋರಿಸುವುದಕ್ಕೆ ಸಾಮಾನು ಇರಲಿಲ್ಲ. ಮದುವೆಗೋ ತೊಟ್ಟಿಲಿಗೋ ಒಬ್ಬರು ಕೊಟ್ಟ ಹಣವನ್ನು ಅವರ ಮನೆಯ ಸಮಾರಂಭದಲ್ಲಿ ತುಸು ಕೂಡಿಸಿ ಮುಯ್ಯಿಯಾಗಿ ಮರಳಿಸುವುದು ರೂಢಿ. ಸಾಮಾನಿಲ್ಲದೆ ಕೈಯಿಂದ ಕೈಗೆ ಹೋದ ಹಣಕ್ಕೆ ಆ ಹೆಂಗಸರು ಬೇರೆ ಹೆಸರು ಕೇಳಿರಲಿಲ್ಲ. ಉಳಿದ ನಾಲ್ಕು ಮನೆಗಳಲ್ಲೂ ಅದೇ ಮಾತು. ಅವಳ ಮನೆಯಲ್ಲಿ ಸಮಾರಂಭವೇ ಇಲ್ಲವಲ್ಲ, ಪಾಪ, ಕೂಪನ್ನಿನ ನೆಪದಲ್ಲಿ ಕೇಳುತ್ತಿದ್ದಾಳೆ ಎಂದುಕೊಂಡು ಕೊಟ್ಟಿದ್ದರು.

ಮೂರು ತಿಂಗಳಿಗೆ ಕಂಪೆನಿಯಿಂದ ಕಾರ್ಡು ಬಂತು. ಅವಧಿ ಮುಗಿದಿದೆ, ಹೊಸ ಪುಸ್ತಕಕ್ಕೆ ಹತ್ತು ರೂಪಾಯಿ.

ಸುಂದರಿಯ ಮದುವೆಯಲ್ಲಿ ದಮಯಂತಿ ಎರಡೂವರೆ ರೂಪಾಯಿ ಮುಯ್ಯಿ ಮಾಡಿದಳು. ಕೂಪನ್ನು ಕೊಂಡಿದ್ದ ಅಮ್ಮುವಿನ ಮಗುವಿನ ತೊಟ್ಟಿಲಿಗೆ ಮತ್ತೆ ಎರಡೂವರೆ. ಮೂರನೆಯದು, ಆ ಐವರಲ್ಲೇ ಒಬ್ಬಳಾದ ಸತ್ಯವತಿಯ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಅಲ್ಲಿಗೆ ಅವಳು ಬರಿಗೈಯಲ್ಲಿ ಹೋದಳು. ತಾನು ಮಾರಿದ್ದು ಕೂಪನ್ನು, ಯಾರಿಗೂ ಏನೂ ಬಾಕಿ ಇಲ್ಲ ಎಂದು ಹತ್ತು ಜನರೆದುರು ಹೇಳಿದಳು. ಸತ್ಯವತಿ ಎಲೆ ಹಾಕಿ ಊಟ ಬಡಿಸಿದಳು. ಮರುದಿನ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹಿಂದಕ್ಕೆ ತರಿಸಿಕೊಂಡಳು. ಉಳಿದ ಎರಡು ಮನೆಯವರು ತಮ್ಮ ಸಮಾರಂಭಕ್ಕೆ ಅವಳನ್ನು ಕರೆಯಲಿಲ್ಲ, ಬಟ್ಟೆಯನ್ನೂ ಕಳಿಸಲಿಲ್ಲ.

ಒಟ್ಟು ಹೋದದ್ದು ಐದು ರೂಪಾಯಿ, ಮೂರು ಮನೆ. ಆ ಮನೆಗಳಲ್ಲಿ ರವಿಕೆ ತೊಡುವವರು ಹನ್ನೊಂದು ಮಂದಿ.