ತಟ್ಟೆಯಲ್ಲಿಟ್ಟ ಡಬ್ಬಿ

ಡಾಕ್ಟರ್ ಸುಹಾಸಿನಿ ಗಾಜಿನ ಕೊಳವೆಯನ್ನು ಉರಿಯ ಮೇಲೆ ಓರೆಯಾಗಿ ಹಿಡಿದಿದ್ದರು. ತಿಳಿಯಾಗಿದ್ದ ಮೂತ್ರ ಬಿಸಿಯಾಗುತ್ತಲೇ ಒಡೆದ ಹಾಲಿನಂತೆ ಬೆಳ್ಳಗಾಯಿತು. ಶೋಭಾರಾಣಿ ಕುರ್ಚಿಯ ತುದಿಗೆ ಸರಿದು ನೋಡಿದಳು. ಕಾಲು ಬಾತಿವೆ, ಒಂದು ಗುಳಿಗೆ ಕೊಟ್ಟರೆ ಎದ್ದು ಹೋಗೋಣವೆಂದು ಬಂದವಳು ಅವಳು. ಮಗ ಸೋಮೇಶನ ಮದುವೆ ಹತ್ತಿರ ಬಂದಿತ್ತು. ಆದೋನಿಯ ಸೀರೆ ಅಂಗಡಿಗಳಲ್ಲಿ ಅರ್ಧದಷ್ಟನ್ನು ಇನ್ನೂ ಸುತ್ತಬೇಕಿತ್ತು.

"ಮೈಯಾಗ ಇರಬೇಕಾದ ಪ್ರೋಟೀನು ಮೂತ್ರದಾಗ ಸೋರಾಕತ್ತೈತಿ," ಎಂದ ಡಾಕ್ಟರ್ ಅವಳ ಮುಖವನ್ನೇ ದಿಟ್ಟಿಸಿದರು. "ಮುಖಕ್ಕ ಏನು ಹಚ್ಕೊಂತೀರಿ?"

ಇಂಥ ಪ್ರಶ್ನೆಗೆ ಯಾರಾದರೂ ಒಂದೇ ಸಲಕ್ಕೆ ನಿಜ ಹೇಳುವುದುಂಟೇ? ಹತ್ತಿ ವ್ಯಾಪಾರಿ ಸೋಮಶೇಖರಪ್ಪನವರ ಹೆಂಡತಿಯಾದ ಅವಳ ಕೆನ್ನೆಯ ಕಪ್ಪು ಬಂಗು ಮಾಯವಾದದ್ದು ಬರೀ ಕಡಲೆಹಿಟ್ಟಿನಿಂದ ಎಂದು ಇಡೀ ಓಣಿ ನಂಬಿತ್ತು. "ಕಡ್ಲಿಹಿಟ್ಟು..." ಎಂದು ಶುರುಮಾಡಿದವಳ ಕಣ್ಣು ಮತ್ತೆ ಕೊಳವೆಯ ಕಡೆ ಹೋಯಿತು. ಬ್ಯಾಗಿನಿಂದ, ಹೆಸರೂ ಓದಲಾಗದ ಕ್ರೀಮಿನ ಪುಟ್ಟ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇಂಥಾದ್ರಾಗ ಪಾದರಸ ಇರ್ತೈತಮ್ಮಾ. ಚರ್ಮಕ್ಕ ಕಪ್ಪು ಬಣ್ಣ ಮಾಡೋದು ಒಂದು ಪ್ರೋಟೀನು. ಅದರಾಗಿನ ತಾಮ್ರ ನೂಕಿ ಪಾದರಸ ತಾನು ಕುಂತುಬಿಡ್ತೈತಿ. ಬಣ್ಣ ಆಗೋದು ನಿಂತುಹೋಗ್ತೈತಿ, ಚಂದ ಆದ್ರಿ ಅಂತಾರ ಮಂದಿ. ಆದ್ರ ಅದು ಚರ್ಮದಾಗಾ ನಿಲ್ಲಂಗಿಲ್ಲ, ಒಳಗಿಳದು ಕಿಡ್ನಿ ಜರಡಿ ಕೆಡಸ್ತೈತಿ. ನೀವು ಇವತ್ತಾ ಬಿಡ್ರಿ, ಔಷಧ ಕೊಡ್ತೀನಿ. ಮನ್ಯಾಗ ಮತ್ತ ಯಾರರ ಹಚ್ಕೊಂತಾರೇನು?"

ಶೋಭಾರಾಣಿ ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಹಚ್ಚಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಇದ್ದದ್ದು ಬೀಗರ ಊರು ನಂದವರಂನಲ್ಲಿ. ಸೊಸೆಯಾಗಿ ಬರುವ ಗಂಗೋತ್ರಿ ಒಂದಿಷ್ಟು ಕಪ್ಪಾದಳು ಎನಿಸಿ, ನಿಶ್ಚಯದ ದಿನ ಸೀರೆ, ಬಳೆ, ಕೊಬ್ಬರಿಯ ತಟ್ಟೆಯಲ್ಲಿ ಇದೇ ಡಬ್ಬಿಗಳನ್ನು ಸೇರಿಸಿಟ್ಟವಳು ಅವಳೇ.

ಕಾರಿನಲ್ಲಿ ಕಾಯುತ್ತಿದ್ದ ಗಂಡ ಎಲ್ಲ ಕೇಳಿ ಕಿಟಕಿಯ ಗಾಜು ಏರಿಸಿದ.

"ಈಗಾ ಹೇಳಬ್ಯಾಡ. ಹುಡುಗಿ ಕರಿ ಅದಾಳಂತ ವಿಷ ಕೊಟ್ರು ಅಂತಾರ ಬೀಗರು. ಸಂಬಂಧ ಮುರೀತೈತಿ. ಮದಿವಿ ಆದಮ್ಯಾಲೆ ನಾವಾ ಬಿಡಸಿದ್ರಾತು."

"ಅನ್ಲಿ ಬಿಡ್ರಿ. ಖರೇನ ಐತಲ್ಲ," ಎಂದಳು ಶೋಭಾರಾಣಿ. ಮದುವೆಯವರೆಗೆ ಕಾಯಲು ಅವಳಿಗೆ ಭಯವಾಗಿತ್ತು. ಗಂಗೋತ್ರಿಗೆ ವಿಡಿಯೋ ಕಾಲ್ ಮಾಡಿದಳು.

ಪರದೆಯ ತುಂಬ ಗಂಗೋತ್ರಿಯ ಮುಖ. ಗುರುತು ಸಿಗದಷ್ಟು ಬೆಳ್ಳಗಾಗಿತ್ತು. "ನೋಡ್ರಿ ಅತ್ತಿ, ಎಷ್ಟು ಬಣ್ಣ ಬಂದೀನಿ! ನೀವು ಕೊಟ್ಟಿದ್ದಂತ ದಿನಾ ಎರಡೊತ್ತು ಹಚ್ಕೊಂತೀನಿ."

ಶೋಭಾರಾಣಿ ಫೋನನ್ನು ಹತ್ತಿರ ಹಿಡಿದಳು. "ಅದನ್ನ ಒಗದುಬಿಡವ್ವಾ. ಅದರಾಗ ವಿಷ ಐತಿ. ನಿನ್ನ ಬಣ್ಣ ಸಾಲದು ಅಂತ ನಾನಾ ಇಟ್ಟಿದ್ದೆ, ತಪ್ಪು ನಂದು."

ಹುಡುಗಿಯ ನಗು ಅರ್ಧಕ್ಕೇ ನಿಂತಿತು.

"ಕಾಲು ತೋರ್ಸು ತಾಯಿ. ಗೆಜ್ಜಿ ಮ್ಯಾಲೆ ಹೆಬ್ಬೆರಳಿಲೆ ಗಟ್ಟಿ ಒತ್ತು. ಡಾಕ್ಟರು ನನ್ನ ಕಾಲೂ ಹಂಗಾ ನೋಡಿದ್ರು, ಬಾವು ಇದ್ರ ಕುಳಿ ಬೀಳ್ತೈತಿ."

ಪರದೆ ಅಲುಗಿ, ಅದರಲ್ಲಿ ಒಂದು ಕಾಲು ಕಂಡಿತು. ಕ್ರೀಮು ತಾಗದ, ಹುಟ್ಟಿನ ಬಣ್ಣದ, ನೋಡಲು ಚೆಂದದ ಕಾಲು. ಗಂಗೋತ್ರಿ ಒತ್ತಿ ಬೆರಳು ತೆಗೆದಳು. ಒತ್ತಿದಲ್ಲಿ ಕುಳಿ ಬಿದ್ದಿತ್ತು.

ಬಗ್ಗಿ ನೋಡಿದ ಸೋಮಶೇಖರಪ್ಪ ಕಾರು ಶುರುಮಾಡಿದ. ಮನೆಯ ಕಡೆ ತಿರುಗುವಲ್ಲಿ ತಿರುಗಲಿಲ್ಲ, ನಂದವರಂ ದಾರಿ ಹಿಡಿದ.

"ಸಾಕೇನ್ರಿ ಅತ್ತಿ?" ಎಂದು ಕೇಳಿತು ಹುಡುಗಿಯ ದನಿ. ಕುಳಿ ಇನ್ನೂ ತುಂಬಿರಲಿಲ್ಲ.