ಎಪ್ಪತ್ತೆರಡು ಗಂಟೆಯ ಅರ್ಜಿ

ಬೆಳಗ್ಗೆ ಏಳೂವರೆಗೆ ಪ್ರೊಫೆಸರಮ್ಮ ಪರದೆ ನೋಡಿದಾಗ ಅವರ ಲೆಕ್ಕ ವಿಶ್ವವಿದ್ಯಾಲಯದ ಕಂಪ್ಯೂಟರುಗಳ ಸರದಿಯಲ್ಲಿ ನೂರ ಹದಿನಾಲ್ಕನೆಯದಾಗಿ ಕುಳಿತಿತ್ತು. ನಿನ್ನೆ ನೂರ ಹತ್ತನೆಯದಿತ್ತು. ನಿಂತಲ್ಲೇ ಹಿಂದಕ್ಕೆ ಹೋಗುವ ಸಾಲನ್ನು ಅವರು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ನಾಳೆ ಮಧ್ಯಾಹ್ನದೊಳಗೆ ವಿಜ್ಞಾನ ಪತ್ರಿಕೆಯ ವಿಮರ್ಶಕನಿಗೆ ಉತ್ತರ ಹೋಗಬೇಕು. ತಾಮ್ರದ ಒಂದು ಸಂಯುಕ್ತ ಇಂಗಾಲದ ಡೈಆಕ್ಸೈಡನ್ನು ಒಡೆಯಲು ಎಷ್ಟು ಶಕ್ತಿಯ ದಿಬ್ಬ ಹತ್ತಬೇಕು ಎಂಬುದು ಅವರ ಎರಡು ವರ್ಷದ ಕೆಲಸ. ದಿಬ್ಬ ತಗ್ಗಾಗಿದೆ ಎಂದು ಲೇಖನದಲ್ಲಿ ಬರೆದಿದ್ದರು. ವಿಮರ್ಶಕ ಒಪ್ಪಿರಲಿಲ್ಲ. ಎಲೆಕ್ಟ್ರಾನುಗಳ ಲೆಕ್ಕವನ್ನು ಹೆಚ್ಚು ನಿಖರವಾದ ವಿಧಾನದಲ್ಲಿ ಮಾಡಿ ತೋರಿಸಿ, ಇಲ್ಲವಾದರೆ ಲೇಖನ ವಾಪಸು ಎಂದು ಪಟ್ಟು ಹಿಡಿದಿದ್ದ.

ಪ್ರೊಫೆಸರಮ್ಮ ದುಡುದುಡು ಮೆಟ್ಟಿಲಿಳಿದು ಯಂತ್ರಗಳ ಕೋಣೆಗೆ ಹೋದರು. ಫ್ಯಾನುಗಳ ಗದ್ದಲದ ನಡುವೆ ಆಪರೇಟರ್ ಕಿವಿಯ ಹತ್ತಿ ತೆಗೆದ.

"ನಂದು ಯಾಕ್ರೀ ಹಿಂದೆ ಹಿಂದೆ ಹೋಗ್ತಿದೆ?"

"ಎಷ್ಟು ಗಂಟೆ ಕೇಳಿದೀರಾ ಮೇಡಂ?"

"ಎಪ್ಪತ್ತೆರಡು."

"ಬೇಕಾಗೋದು?"

"ಹತ್ತು... ಹತ್ತೂವರೆ ಇರ್ಬಹುದು."

ಆತ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಷ್ಟಕ್ಕೆ ಮೂರು ದಿನ ಬಿಡುವಿಲ್ಲದೆ ಯಂತ್ರ ಬೇಕು ಅಂದ್ರೆ ಎಲ್ಲಿಂದ ತರ್ಲಿ? ಕಮ್ಮಿ ಗಂಟೆ ಕೇಳಿದವೆಲ್ಲ ನಿಮ್ಮದನ್ನ ದಾಟಿ ಹೋಗ್ತಿವೆ. ಸಂಜೆ ಏಳೂವರೆಗೆ ದೊಡ್ಡ ಕೆಲಸ ಒಂದು ಶುರುವಾಗುತ್ತೆ. ಅಲ್ಲೀವರೆಗೆ ನಲವತ್ತು ಕಂಪ್ಯೂಟರು ನೊಣ ಹೊಡೀತಾ ಕೂತಿವೆ. ಹನ್ನೊಂದು ಗಂಟೆ ಅಂತ ಬರೀರಿ, ಸಂದೀಲಿ ನುಗ್ಗಿಬಿಡುತ್ತೆ."

"ಹನ್ನೊಂದು ದಾಟಿದ್ರೆ?"

"ಯಂತ್ರ ಲೆಕ್ಕದ ಕತ್ತು ಹಿಸುಕುತ್ತೆ. ಅದಕ್ಕೆ ದಾಕ್ಷಿಣ್ಯ ಗೀಕ್ಷಿಣ್ಯ ಇಲ್ಲ."

ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ನಲವತ್ತೆಂಟು ಗಂಟೆಯ ಲೆಕ್ಕವೊಂದು ಮುಗಿಯಲು ಹತ್ತು ನಿಮಿಷವಿದ್ದಾಗ ಕತ್ತು ಹಿಸುಕಿಸಿಕೊಂಡಿತ್ತು. ಅಂದಿನಿಂದ ಎಲ್ಲಕ್ಕೂ ಆರೇಳು ಪಟ್ಟು ಕೇಳುವ ಚಾಳಿ. ಈಗಿನ ಲೆಕ್ಕವಂತೂ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದಲೇ. ಆದರೂ ಬೇರೆ ದಾರಿಯಿರಲಿಲ್ಲ. ಹನ್ನೊಂದು ಎಂದು ಬರೆದರು. ಎರಡೇ ನಿಮಿಷದಲ್ಲಿ, ಎಂಟೂ ಹತ್ತಕ್ಕೆ, ಶುರುವಾಯಿತು. ಸರದಿಯಲ್ಲಿ ಸುಮ್ಮನೆ ಕಾದ ಮೂರು ದಿನ ನೆನೆದು ಮೈ ಉರಿಯಿತು.

ಮಧ್ಯಾಹ್ನ ತಂಗಿ ಫೋನ್ ಮಾಡಿದಳು. "ಅಕ್ಕಾ, ನಿನ್ನ ಅಣುಗಳು ಇನ್ನೂ ಮಾತುಕತೇಲೇ ಇದಾವಾ? ನನ್ನ ಮದುವೇನೇ ಒಂದು ದಿನದಲ್ಲಿ ಗಟ್ಟಿಯಾಗಿತ್ತಲ್ಲೇ!"

"ಫೋನ್ ಇಡೇ ಮಾರಾಯ್ತಿ!"

ಆರೂ ಐವತ್ತೆರಡಕ್ಕೆ ಲೆಕ್ಕ ಮುಗಿಯಿತು. ಇನ್ನು ಹದಿನೆಂಟೇ ನಿಮಿಷ ಉಳಿದಿತ್ತು. ಉತ್ತರ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ದಿಬ್ಬ ಅವರು ಬರೆದದ್ದರ ಒಂದೂವರೆ ಪಟ್ಟು ಎತ್ತರವಿತ್ತು. ವಿಮರ್ಶಕನ ಮಾತೇ ಸರಿ.

ಮನೆಗೆ ಹೊರಟಿದ್ದ ಆಪರೇಟರ್ ಬಾಗಿಲಲ್ಲಿ ಇಣುಕಿದ. "ಬಂತಾ ಮೇಡಂ?"

"ಬಂತು ಕಣ್ರೀ, ಬರಬಾರದ್ದೇ ಬಂತು."

ವಿಷಯ ಕೇಳಿ ಆತ ದನಿ ತಗ್ಗಿಸಿದ. "ಸರದಿ ಸಿಗ್ಲಿಲ್ಲ, ಲೆಕ್ಕ ಮುಗೀಲಿಲ್ಲ ಅಂತ ಬರೆದುಬಿಡಿ. ಯಾರು ಕೇಳ್ತಾರೆ?"

"ಮುಗಿದಿದೆಯಲ್ರೀ! ಹಾಳಾದ್ದು, ಮುಗಿದು ಕೂತಿದೆಯಲ್ಲ!" ಎಂದು ಸಿಡುಕಿ ಲೇಖನ ತೆರೆದರು. ದಿಬ್ಬ ತಗ್ಗು ಎಂದಿದ್ದ ಮೊದಲ ವಾಕ್ಯವನ್ನೇ ಅಳಿಸಿ, ಹೊಸ ಸಂಖ್ಯೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದರು.